ಬೆಳಕಿಂಡಿಯ ಕೆಳಗಿನ ಚಿಪ್ಪು

ಅಣ್ಣನ ಬಲಗೈಗೆ ಮೊಣಕೈವರೆಗೆ ಸದಾ ಬೆಳ್ಳಗೆ ಉಪ್ಪು ಹತ್ತಿರುತ್ತಿತ್ತು. ಕೈಮೇಲಿನ ಕೂದಲಿಗೆ ಸಣ್ಣ ಸಣ್ಣ ಹರಳು ಅಂಟಿಕೊಂಡು, ಬಿಸಿಲಿಗೆ ಬಂದರೆ ಮಿಣಮಿಣ ಅನ್ನುತ್ತಿದ್ದವು. ಉಗುರಿನ ಸುತ್ತ ಚರ್ಮ ಒಡೆದು ಕೆಂಪಗಾಗಿತ್ತು. ಹತ್ತಿರ ಬಂದು ನಿಂತರೆ ಸಮುದ್ರದ ವಾಸನೆ. ಗಜೇಂದ್ರಗಡದ ಓಣಿಯಲ್ಲಿ ಸಮುದ್ರದ ವಾಸನೆ ಹೊತ್ತು ತಿರುಗಿದ ಇನ್ನೊಬ್ಬ ಮನುಷ್ಯನನ್ನು ತೋರಿಸಿ ನೋಡೋಣ! ನಮ್ಮ ಕಡೆಯವರಿಗೆ ಸಮುದ್ರ ಅಂದರೆ ಗೋಕರ್ಣಕ್ಕೆ ಹೋದಾಗ ಸೀರೆ ಎತ್ತಿ ಹಿಡಿದು ಕಾಲು ತೋಯಿಸಿಕೊಂಡು ಬರುವ ಜಾಗ. ಅದನ್ನು ತಂದು ನಡುಮನೆಯಲ್ಲಿ ಇಟ್ಟುಕೊಂಡವನು ನಮ್ಮಣ್ಣ ಒಬ್ಬನೇ.

ಅವನು ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ರಿಪೇರಿ ಮಾಡುವ ಕೆಲಸದಲ್ಲಿದ್ದ. ಊರಿನವರು ಅವಕ್ಕೆ ಫ್ಯಾನು ಅನ್ನುತ್ತಾರೆ. ಅಷ್ಟೆತ್ತರದ ಕಂಬವನ್ನು ದಿನವೂ ಹತ್ತಿ ಇಳಿಯುವವನು ಮನೆಯಲ್ಲಿ ಮಾತ್ರ ಬೆಕ್ಕಿನ ಹೆಜ್ಜೆ ಇಡುತ್ತಿದ್ದ. ಮಾತು ಕಡಿಮೆ, ನಗು ಇನ್ನೂ ಕಡಿಮೆ. ಊರಿಗೆ ವಾಪಸು ಬರುವ ಮೊದಲು ಕೆಲವು ವರ್ಷ ತಮಿಳುನಾಡಿನ ಕಡಲ ದಂಡೆಯಲ್ಲಿ ಇದೇ ಕೆಲಸ ಮಾಡುತ್ತಿದ್ದ. ಅಲ್ಲಿ ಜೊತೆಗಾರನೊಬ್ಬನ ಮನೆಯ ಗಾಜಿನ ತೊಟ್ಟಿಯಲ್ಲಿ ಜೀವಂತ ಕಪ್ಪೆಚಿಪ್ಪು ನೋಡಿದನಂತೆ. ಹೆಣ್ಣು ನೋಡು ಹೆಣ್ಣು ನೋಡು ಅಂತ ಅವ್ವ ಬಡಿದುಕೊಳ್ಳುತ್ತಿದ್ದರೆ, ಮಹಾರಾಯ ನೋಡಿ ಮೆಚ್ಚಿ ಬಂದದ್ದು ಅದನ್ನು. ನಾನು ಅವನನ್ನು ಚಿಪ್ಪಣ್ಣ ಅಂತಲೇ ಕರೆದು ಕಾಡಿಸುತ್ತಿದ್ದೆ.

ನಮ್ಮದು ಹಳೇ ಮಾಳಿಗೆ ಮನೆ. ಮಣ್ಣಿನ ಚಾವಣಿ, ಕಟ್ಟಿಗೆಯ ಕಂಬ, ತೊಲೆ, ನಡುಮನೆಗೆ ಬೆಳಕು ಬೀಳಲಿ ಅಂತ ಚಾವಣಿಯಲ್ಲಿ ಮೊರದಗಲದ ಬೆಳಕಿಂಡಿ. ಓಣಿಯ ಮನೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಒಬ್ಬರ ಮಾಳಿಗೆ ಹತ್ತಿದರೆ ಇಡೀ ಓಣಿಯ ತಲೆಯ ಮೇಲೆ ನಡೆದು ಹೋಗಬಹುದು. ಅಣ್ಣ ಬೆಳಕಿಂಡಿಯ ಸುತ್ತ ಇಟ್ಟಿಗೆ ಇಟ್ಟು, ಗಾಳಿಯಾಡಲು ಸಂದಿ ಬಿಟ್ಟು, ಮೇಲೆ ಗಾಜು ಹೊದಿಸಿದ. ಅದರ ನೇರ ಕೆಳಗೆ ಕಲ್ಲಿನ ಕಟ್ಟೆ ಕಟ್ಟಿಸಿ, ಕಟ್ಟೆಯ ಮೇಲೆ ಮಂಚದುದ್ದದ ಗಾಜಿನ ತೊಟ್ಟಿ ಇರಿಸಿದ. ಬೆಳಿಗ್ಗೆ ಸಂಜೆ ನೀಲಿ ದೀಪ, ನಡುಹಗಲಿಗೆ ಬೆಳಕಿಂಡಿಯಿಂದ ಇಳಿಯುವ ಖರೇ ಬಿಸಿಲು. ಒಳಗೆ ಕಲ್ಲು, ಉಸುಕು, ಒಂದಿಷ್ಟು ಹವಳ. ನಟ್ಟನಡುವೆ, ಕಲ್ಲಿಗೆ ತನ್ನ ಎಳೆಗಳನ್ನು ಬಿಟ್ಟು ಗಟ್ಟಿಯಾಗಿ ಕಚ್ಚಿಕೊಂಡು ಕೂತ ಆ ಚಿಪ್ಪು. ಕಡಲಿನಿಂದ ಕಿತ್ತು ತಂದದ್ದಲ್ಲ, ಸಾಕಿ ಬೆಳೆಸಿದ ಮರಿ ಅಂತ ಬಂದವರಿಗೆಲ್ಲ ಒತ್ತಿ ಹೇಳುತ್ತಿದ್ದ.

ನೋಡಲು ಚೆಂದವೇನೋ ಹೌದು. ಅಲೆಅಲೆಯಾದ ಎರಡು ಚಿಪ್ಪಿನ ನಡುವೆ ಮಾಂಸದ ತುಟಿ ಹೊರಗೆ ಹರಡಿಕೊಂಡಿರುತ್ತಿತ್ತು, ನವಿಲಿನ ಕುತ್ತಿಗೆಯ ಬಣ್ಣ, ಮೇಲೆ ಕಪ್ಪು ಚುಕ್ಕಿ. ಆ ತುಟಿಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಯ ಜೀವಗಳಿವೆಯಂತೆ. ಅವು ಬೆಳಕು ಉಂಡು ಇದಕ್ಕೆ ಉಣಿಸುತ್ತವೆ. ಬೆಳಕು ಇಲ್ಲದಿದ್ದರೆ ಉಪವಾಸ. ಇಷ್ಟಾದರೆ ನನ್ನ ತಕರಾರು ಏನೂ ಇರಲಿಲ್ಲ. ಆದರೆ ಆ ತುಟಿಯ ಅಂಚಿನುದ್ದಕ್ಕೂ ಸಾಸಿವೆಗಿಂತ ಸಣ್ಣ ನೂರಾರು ಕಣ್ಣು. ಮುಖ ಇಲ್ಲ, ತಲೆ ಇಲ್ಲ, ಬರೀ ಕಣ್ಣು. ಅವಕ್ಕೆ ರೂಪ ಕಾಣಿಸುವುದಿಲ್ಲ, ನೆರಳು ಬಿದ್ದದ್ದಷ್ಟೇ ತಿಳಿಯುತ್ತದೆ ಅಂತ ಅಣ್ಣ ಸಮಾಧಾನ ಹೇಳುತ್ತಿದ್ದ. ನನಗೆ ಅದರಿಂದ ಸಮಾಧಾನವೇನೂ ಆಗಲಿಲ್ಲ.

ಅದರ ನೀರಿನ ಉಸಾಬರಿ ಒಂದು ಸಂಸಾರಕ್ಕಾಗುವಷ್ಟಿತ್ತು. ಬೋರಿನ ನೀರು ಅದಕ್ಕೆ ನಡೆಯದು. ಊರೆಲ್ಲ ಕುಡಿಯಲು ನೀರು ಒಯ್ಯುವ ಶುದ್ಧ ನೀರಿನ ಘಟಕದ ಮುಂದೆ ಕ್ಯಾನು ಹಿಡಿದು ನಿಂತು, ಆ ನೀರನ್ನು ತಂದು, ಅಳತೆ ಮಾಡಿ ಕಡಲುಪ್ಪಿನ ಪುಡಿ ಕಲಸುತ್ತಿದ್ದ. ಅವ್ವ ಕೆನ್ನೆಯಲ್ಲಿ ಎಲೆಅಡಿಕೆ ಇಟ್ಟುಕೊಂಡು, "ಕುಡಿಯೂ ನೀರಿಗೆ ಉಪ್ಪು ಕಲಸವ್ನ ಇವನೊಬ್ಬನ್ನ ನೋಡಿದೆ ನೋಡವಾ" ಅನ್ನುತ್ತಿದ್ದಳು. ಚಿಪ್ಪು ಗಟ್ಟಿಯಾಗಲು ಸುಣ್ಣದ ತಿಳಿನೀರನ್ನು ಹನಿಹನಿಯಾಗಿ ಬಿಡಬೇಕು ಅಂತ ತಿಳಿದ ಮೇಲೆ ಮಾತ್ರ ಅವಳ ಮನಸ್ಸು ಅದರ ಕಡೆ ವಾಲಿತು. ತನಗೂ ಅದಕ್ಕೂ ಸುಣ್ಣ ಬೇಕು, ಇಬ್ಬರದೂ ಒಂದೇ ಚಟ ಅಂತ ನಗುತ್ತಿದ್ದಳು. ನಮ್ಮ ಕಡೆಯ ಬಿಸಿಲಿಗೆ ತೊಟ್ಟಿಯಿಂದ ದಿನಕ್ಕೊಂದು ಬಕೀಟು ನೀರು ಆವಿಯಾಗಿ ಹೋಗುತ್ತದೆ. ನೀರು ಹೋಗುತ್ತದೆ, ಉಪ್ಪು ಹೋಗುವುದಿಲ್ಲ. ಹೋದಷ್ಟು ಸಿಹಿನೀರನ್ನು ಅಂದಂದೇ ತುಂಬದಿದ್ದರೆ ಉಪ್ಪು ಏರಿ ಒಳಗಿನದೆಲ್ಲ ಸಾಯುತ್ತದೆ. ಒಂದು ಹನಿ ನೀರನ್ನು ಸಣ್ಣ ನಳಿಗೆಯ ತುದಿಗೆ ಹಾಕಿ, ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ಉಪ್ಪು ನೋಡುವುದು ಅವನ ದಿನದ ಪೂಜೆ. ಈಗ ಆ ಕೆಲಸ ನನ್ನದು, ಅದಕ್ಕೇ ಇಷ್ಟು ಬರೆಯಲು ಬರುತ್ತದೆ.

ನೆರಳಿನ ವಿಷಯಕ್ಕೆ ಬರುತ್ತೇನೆ. ನೆರಳು ಬಿದ್ದರೆ ಚಿಪ್ಪು ಫಟ್ ಅಂತ ಮುಚ್ಚಿಕೊಳ್ಳುತ್ತದೆ. ಮೇಲಿಂದ ಮೇಲೆ ಮುಚ್ಚಿಕೊಂಡರೆ ಬೆಳಕು ಸಿಗದೆ ಸೊರಗುತ್ತದೆ. ಹಾಗಾಗಿ ನಮ್ಮ ಮನೆಯಲ್ಲಿ ಹಗಲು ಹೊತ್ತು ಯಾರೂ ನಡುಮನೆಯ ನಡುವೆ ಹಾಯುವಂತಿರಲಿಲ್ಲ, ಗೋಡೆಗುಂಟ ಹೋಗಬೇಕು. "ನೆರಳಿಗೆ ಅಂಜತೈತಿ, ಮನಷ್ಯಾಗಲ್ಲ. ಬದಿಗೆ ಸರದು ಹೋಗ್ರಿ" ಅನ್ನುವುದು ಅವನ ದಿನನಿತ್ಯದ ಮಾತು. ಬಂದ ಬೀಗರು ಕೂಡ ಕಳ್ಳರ ಹಾಗೆ ಗೋಡೆ ಸವರಿಕೊಂಡು ಅಡುಗೆಮನೆಗೆ ಹೋಗಬೇಕು. ಆದರೆ ಒಂದು ವಿಚಿತ್ರವಿತ್ತು. ದಿನವೂ ಬೀಳುವ ನೆರಳು ಅದಕ್ಕೆ ಬರಬರುತ್ತ ರೂಢಿಯಾಗುತ್ತದೆ. ಅವ್ವ ಮಾಳಿಗೆಯ ಮೇಲೆ ಸಂಡಿಗೆ ಒಣಗಿಸಲು, ಮೆಣಸಿನಕಾಯಿ ತಿರುವಿ ಹಾಕಲು ಹತ್ತಾರು ಸಲ ಬೆಳಕಿಂಡಿ ದಾಟುತ್ತಿದ್ದಳಲ್ಲ, ಅವಳ ನೆರಳಿಗೆ ಅದು ಪೂರಾ ಮುಚ್ಚಿಕೊಳ್ಳುತ್ತಿರಲಿಲ್ಲ. ಸೀರೆಯ ನೆರಿಗೆ ಹಿಡಿದ ಹಾಗೆ ತುಟಿಯ ಅಂಚನ್ನಷ್ಟೇ ಅರ್ಧ ಒಳಗೆಳೆದು, ಮತ್ತೆ ಹರಡುತ್ತಿತ್ತು. ಕಾಗೆ, ಬೆಕ್ಕು, ಹೊರಗಿನವರು ಯಾರೇ ದಾಟಲಿ, ಫಟ್. ಅವ್ವನಿಗೆ ಮಾತ್ರ ಅರ್ಧ. ಕೆಳಗೆ ಕೂತ ಅಣ್ಣ ತಲೆ ಎತ್ತದೆಯೇ, ಮೇಲೆ ಓಡಾಡುತ್ತಿರುವುದು ಅವ್ವನೋ ಬೇರೆಯವರೋ ಹೇಳುತ್ತಿದ್ದ. ಒಮ್ಮೆಯೂ ತಪ್ಪಿದ್ದಿಲ್ಲ.

ನರಗುಂದದ ನಮ್ಮ ಕಾಕಾ ಒಮ್ಮೆ ಬಂದಾಗ, ಇದೇನು ಮಹಾ ಅಂತ ತೊಟ್ಟಿಯ ಮೇಲೆ ಬಗ್ಗಿದರು. ಚಿಪ್ಪು ಮುಚ್ಚಿಕೊಂಡ ರಭಸಕ್ಕೆ ಒಳಗಿನ ನೀರು ಚಿಮ್ಮಿ ಅವರ ಮುಖಕ್ಕೇ ಬಡಿಯಿತು. ಕಾಕಾ ನಮ್ಮ ಮನೆತನದ ಹಿರಿಯರು, ಸಿಟ್ಟು ಮೂಗಿನ ತುದಿಯಲ್ಲೇ. ಮುಖ ಒರೆಸಿಕೊಂಡು, ಮೋರೆ ಇಲ್ಲದ ಜೀವವನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು ಅಂದರು. ನಾನು ನಕ್ಕೆ. ಆದರೆ ಸಂಜೆ ಹೊರಗೆ ಕತ್ತಲಾಗಿ, ಒಳಗೆ ಆ ನೀಲಿ ಬೆಳಕು ಗೋಡೆಯ ಮೇಲೆ ನೀರಾಗಿ ಹರಿಯುವಾಗ, ಪಂಪಿನ ಗುಂಯ್ ಅನ್ನುವ ಸದ್ದಿನ ನಡುವೆ ಅದರ ಎದುರಿಗೆ ಒಬ್ಬಳೇ ಕೂರಲು ನನಗೂ ಮನಸ್ಸಾಗುತ್ತಿರಲಿಲ್ಲ.

ನನ್ನನ್ನು ರೋಣಕ್ಕೆ ಕೊಟ್ಟಿದ್ದರು. ಗಂಡನದು ಅಲ್ಲಿ ಔಷಧಿ ಅಂಗಡಿ. ಎರಡು ಸಲ ಬಸಿರು ನಿಲ್ಲದೆ ಹೋಗಿ, ಮೂರನೆಯ ಸಲ ನಿಂತಿತ್ತು. ಅದೇ ಹೊತ್ತಿಗೆ ಅವ್ವ ಹಾಸಿಗೆ ಹಿಡಿದಳು. ಬಾಣಂತನ ಮಾಡಬೇಕಾದವಳು ತಾನೇ ಕೂಸಾಗಿಬಿಟ್ಟಳು. ಕೊನೆಯ ದಿನಗಳಲ್ಲಿ ಅವಳಿಗೆ ಒಂದೇ ಜಪ. "ಏಳೋ, ರೋಣಕ್ಕ ಹೋಗೂಣ. ಮಗಳ ಕಡೆ ಹೋಗೂಣ. ಅಕಿ ಒಬ್ಬಾಕಿ ಅದಾಳ." ನಾನು ಅವಳ ಪಕ್ಕದಲ್ಲೇ ಕೂತಿದ್ದರೂ ಇದನ್ನೇ ಹೇಳುತ್ತಿದ್ದಳು. ಇಲ್ಲೇ ಇದ್ದೇನೆ ಅಂತ ಕೈ ಹಿಡಿದುಕೊಂಡರೆ ನನ್ನನ್ನು ದಾಟಿ ಬಾಗಿಲ ಕಡೆ ನೋಡುತ್ತಿದ್ದಳು. ಹಾಗೆ ಅನ್ನುತ್ತಲೇ ಹೋದಳು.

ಕಾಕಾ ಬಂದವರೇ ಪಂಚಾಂಗ ನೋಡುವ ಅಯ್ಯನವರಿಗೆ ಹೇಳಿ ಕಳಿಸಿದರು. ನಕ್ಷತ್ರ ಕೆಟ್ಟದ್ದಿತ್ತು. ನಮ್ಮ ಕಡೆ ಕೆಟ್ಟ ನಕ್ಷತ್ರದಲ್ಲಿ ಜೀವ ಹೋದರೆ ಮನೆ ಬಿಡುತ್ತಾರೆ. ಬಾಗಿಲಿಗೆ ಕೀಲಿ ಹಾಕಿ, ಮುಂದೆ ಜಾಲಿಯ ಮುಳ್ಳುಕಂಟಿ ಎಳೆದು, ಅಯ್ಯನವರು ಹೇಳಿದಷ್ಟು ದಿನ ಆ ಮನೆಯಲ್ಲಿ ಯಾರೂ ಇರುವುದಿಲ್ಲ. ಒಳಗಿನ ಒಂದು ಸಾಮಾನನ್ನೂ ಹೊರಗೆ ತರುವುದಿಲ್ಲ. ಇದ್ದರೆ ಹೋದವರು ಇನ್ನೊಬ್ಬರನ್ನು ಕರೆದುಕೊಂಡು ಹೋಗುತ್ತಾರೆ ಅನ್ನುವ ಭಯ. ಕಾಕಾ ನನ್ನ ಹೊಟ್ಟೆಯ ಕಡೆ ನೋಡಿ ಅಣ್ಣನಿಗೆ ಹೇಳಿದರು: "ಬಸುರಿ ಹೆಣ್ಮಗಳು ಇರೂ ಮನಿತನ. ಹೋದಾಕಿ ಮಗಳ ಹೆಸರ ಹೇಳ್ಕೋತ ಹೋಗ್ಯಾಳ. ಮೂರು ತಿಂಗಳು ಆ ಮನ್ಯಾಗ ದೀಪ ಹಚ್ಚಬ್ಯಾಡ."

ದೀಪ ಹಚ್ಚದಿದ್ದರೆ, ನೀರು ತುಂಬದಿದ್ದರೆ ಒಳಗಿನ ಜೀವ ವಾರ ಬದುಕುವುದಿಲ್ಲ ಅಂತ ಅಣ್ಣ ಒಂದು ಸಲ ಹೇಳಿ ನೋಡಿದ. ಬೇರೆ ಕಡೆ ಸಾಗಿಸೋಣವೆಂದರೆ ಆ ಮನೆಯ ಒಂದು ಹನಿ ನೀರನ್ನೂ ಯಾರೂ ಒಳಗೆ ಬಿಟ್ಟುಕೊಳ್ಳುವವರಿರಲಿಲ್ಲ. ಕಾಕಾ, ಮೀನಿನ ಡಬ್ಬಿ ಹೆಚ್ಚೋ ಒಡಹುಟ್ಟಿದವಳು ಹೆಚ್ಚೋ ಅಂತ ಕೇಳಿದರು. ಬಾಗಿಲಿಗೆ ಕೀಲಿ ಬಿತ್ತು, ಮುಳ್ಳು ಬಿತ್ತು. ಅಣ್ಣ ಒಂದು ಚೀಲ ಬಟ್ಟೆಯೂ ಇಲ್ಲದೆ ನಮ್ಮ ಜೊತೆ ರೋಣಕ್ಕೆ ಬಂದ.

ಮರುದಿನದಿಂದಲೇ ಗುಟ್ಟಾಗಿ ಹೋಗತೊಡಗಿದ. ಗುಡ್ಡದ ಕೆಲಸದ ನಡುವೆ ಹಿತ್ತಲ ಬಾಗಿಲಿನಿಂದ ಒಳಗೆ ಹೊಕ್ಕು, ನೀರು ತುಂಬಿ, ಉಪ್ಪು ನೋಡಿ ಬರುತ್ತಿದ್ದ. ನನಗೂ ನನ್ನ ಗಂಡನಿಗೂ ಅದು ಗೊತ್ತಿತ್ತು. ಸಂಜೆ ನಮ್ಮ ಮನೆಗೆ ಬಂದವನು ಅಂಗಳದಲ್ಲೇ ತಲೆಯ ಮೇಲಿನಿಂದ ಸ್ನಾನ ಮಾಡಿ, ಬಟ್ಟೆ ಬದಲಿಸಿ ಒಳಗೆ ಕಾಲಿಡುತ್ತಿದ್ದ. ನನ್ನ ಹತ್ತಿರ ಕೂರುತ್ತಿರಲಿಲ್ಲ. ತಾಟನ್ನು ನನ್ನ ಕೈಯಿಂದ ತೆಗೆದುಕೊಳ್ಳುತ್ತಿರಲಿಲ್ಲ, ಕೆಳಗಿಡು ಅನ್ನುತ್ತಿದ್ದ. ಮೈಲಿಗೆ ಮಡಿ ಯಾವುದನ್ನೂ ಲೆಕ್ಕಕ್ಕಿಡದ ಮನುಷ್ಯ! ನಾನು ರೇಗಿಸಿದೆ, ಬೈದೆ. ಜಪ್ಪಯ್ಯ ಅನ್ನಲಿಲ್ಲ.

ಒಂದು ಸಂಜೆ ಬಂದು, ತಾಟಿನ ಮುಂದೆ ಕೂತು, ರೊಟ್ಟಿ ಮುರಿಯದೆ ಹಾಗೇ ಇದ್ದ. ಏನಾಯಿತು ಅಂದೆ. ನನ್ನ ಕಡೆ ನೋಡಲಿಲ್ಲ.

"ಇವತ್ತು ಅದು ಅರ್ಧ ಮುಚ್ಚಿತು" ಅಂದ.

ಮಾಳಿಗೆ ಮೇಲೆ ಯಾರದೋ ಬೆಕ್ಕು ಹಾಯ್ದಿರಬೇಕು ಅಂದೆ. ಬೆಕ್ಕಿಗೆ ಪೂರಾ ಮುಚ್ಚುತ್ತದೆ ಅಂದ. ಮೋಡ ಅಂದೆ. ಮೋಡ ಇರಲಿಲ್ಲ ಅಂದ. ನನಗೆ ತಿಳಿಯಿತು, ಆದರೂ ತಿಳಿಯದವರ ಹಾಗೆ ಎದ್ದು ಪಲ್ಯ ಬಡಿಸಿದೆ. ಹೊಟ್ಟೆಯಲ್ಲಿ ಕೂಸು ಮಿಸುಕುತ್ತಿತ್ತು.

ಆಮೇಲೆ ಅವನು ರೋಣಕ್ಕೆ ಬರಲಿಲ್ಲ. ಆ ಮನೆಯಲ್ಲೇ ಇರುತ್ತೇನೆ ಅಂತ ಫೋನು ಮಾಡಿದ. ಒಬ್ಬನೇ ಆ ಬಿಟ್ಟ ಮನೆಯಲ್ಲಿ ಏನು ಮಾಡುತ್ತೀ ಅಂದರೆ, ಕೆಲಸ ಹತ್ತಿರ ಆಗುತ್ತದೆ ಅಂದ. ನನ್ನ ಪಿತ್ತ ನೆತ್ತಿಗೇರಿತು. ತಾಯಿ ಹೋಗಿದ್ದಾಳೆ, ತಂಗಿ ದಿನ ತುಂಬಿ ಕೂತಿದ್ದಾಳೆ, ಇವನಿಗೆ ಚಿಪ್ಪು! ಗಂಡನ ಎದುರು ಕಣ್ಣೀರು ಹಾಕಿದೆ, ಫೋನಿನಲ್ಲಿ ಬಾಯಿಗೆ ಬಂದದ್ದು ಅಂದೆ. ಅವನು ಎಲ್ಲವನ್ನೂ ಕೇಳಿ, "ಊಟ ಸರಿಯಾಗಿ ಮಾಡು" ಅಂತ ಇಟ್ಟುಬಿಟ್ಟ. ಮುಂದೆ ಫೋನು ಎತ್ತುವುದನ್ನೂ ಕಡಿಮೆ ಮಾಡಿದ. ಓಣಿಯವರು ಯಾರೋ ನನ್ನ ಗಂಡನಿಗೆ ಹೇಳಿದರು, ಮುಳ್ಳು ಹಾಕಿದ ಬಾಗಿಲ ಸಂದಿಯಿಂದ ನೀಲಿ ಬೆಳಕು ಬರುತ್ತದೆ, ಒಳಗೆ ಮಾತು ಕೇಳಿಸುತ್ತದೆ ಅಂತ. ಯಾರ ಮಾತು ಅಂದರೆ, ಒಬ್ಬರದೇ ಅಂದರಂತೆ.

ಎಷ್ಟು ದಿನ ತಡೆದುಕೊಳ್ಳಲಿ? ಗಂಡ ಅಂಗಡಿಗೆ ಹೋದ ಮೇಲೆ ಗಜೇಂದ್ರಗಡದ ಬಸ್ಸು ಹತ್ತಿದೆ. ಬ್ಯಾಸಿಗಿ ಬಿಸಿಲು. ಓಣಿಗೆ ಹೋಗಿ ನಿಂತಾಗ ನಡುಹಗಲು. ಮುಂಬಾಗಿಲಿಗೆ ಮುಳ್ಳು ಹಾಗೇ ಇತ್ತು, ಹಿತ್ತಲ ಬಾಗಿಲಿಗೆ ಒಳಗಿನಿಂದ ಅಗಳಿ. ಬಡಿದೆ, ಕೂಗಿದೆ, ತೆಗೆಯಲಿಲ್ಲ. ಪಂಪಿನ ಗುಂಯ್ ಸದ್ದು ಮಾತ್ರ ಬಾಗಿಲ ಹಲಗೆಗೆ ಕಿವಿ ಇಟ್ಟರೆ ಕೇಳುತ್ತಿತ್ತು. ಪಕ್ಕದ ಮನೆಯ ಕಲ್ಲಿನ ಪಾವಟಿಗೆ ಹತ್ತಿ ಅವರ ಮಾಳಿಗೆಗೆ ಹೋದೆ. ಬೇಡ ಬೇಡ ಅಂತ ಆ ಮನೆಯಾಕೆ ಕೆಳಗಿನಿಂದ ಕೈ ಮುಗಿಯುತ್ತಿದ್ದಳು. ನಾನು ಸೆರಗು ತಲೆಯ ಮೇಲೆ ಹೊದ್ದುಕೊಂಡು, ಹೊಟ್ಟೆ ಹಿಡಿದುಕೊಂಡು, ಕಾದ ಮಣ್ಣಿನ ಮೇಲೆ ಸಾವಕಾಶ ನಡೆದು ನಮ್ಮ ಮಾಳಿಗೆಗೆ ಬಂದು, ಬೆಳಕಿಂಡಿಯ ಮೇಲೆ ಬಗ್ಗಿದೆ.

ಕೆಳಗೆ ನೀರು ಕಂಡಿತು. ಬಿಸಿಲು ನೇರ ಇಳಿದು ಚಿಪ್ಪು ಪೂರಾ ತೆರೆದುಕೊಂಡು ಹೊಳೆಯುತ್ತಿತ್ತು. ನನ್ನ ನೆರಳು ಬಿದ್ದ ಕ್ಷಣ ಫಟ್ ಅಂತ ಮುಚ್ಚಿಕೊಂಡಿತು. ತೊಟ್ಟಿಯ ಪಕ್ಕ ಕಂಬಕ್ಕೆ ಒರಗಿ ಕೂತಿದ್ದ ಅಣ್ಣ ಗಕ್ಕನೆ ತಲೆ ಎತ್ತಿದ. ಗಡ್ಡ ಬೆಳೆದಿತ್ತು, ಕೆನ್ನೆ ಒಳಗೆ ಹೋಗಿದ್ದವು. ನನ್ನ ಬೆನ್ನಿಗೆ ಸೂರ್ಯ, ತಲೆಯ ಮೇಲೆ ಸೆರಗು. ಅವನಿಗೆ ಕಂಡದ್ದು ಒಬ್ಬ ಹೆಂಗಸಿನ ಆಕಾರ ಅಷ್ಟೇ ಇರಬೇಕು. ಗಾಜಿನ ಸಂದಿಯಿಂದ ಅವನ ಮಾತು ಸ್ಪಷ್ಟ ಕೇಳಿತು.

"ಬಂದ್ಯಾ ಅವ್ವಾ? ರೋಣಕ್ಕ ಹೋಗಬ್ಯಾಡ. ತಂಗೀನ ಬಿಡು. ಕರ್ಕೊಂಡು ಹೋಗೂದಿದ್ರ ನನ್ನ ಕರ್ಕೊಂಡು ಹೋಗು. ನಾ ಇಲ್ಲೇ ಕುಂತೇನಿ."

ಗದ್ದಲ ಮಾಡಿ ಹೋಗಬೇಕು ಅಂತ ಬಂದವಳು ನಾನು. ಅವನು ಚಿಪ್ಪಿಗೋಸ್ಕರ ಅಲ್ಲಿ ಕೂತಿರಲಿಲ್ಲ. ಮನೆಗೆ ಬಂದ ಅವ್ವನಿಗೆ ಒಳಗೆ ಯಾರೂ ಸಿಗದಿದ್ದರೆ ಅವಳು ಮಗಳನ್ನು ಹುಡುಕಿಕೊಂಡು ರೋಣಕ್ಕೆ ಬರುತ್ತಾಳೆ ಅಂತ, ಅವಳಿಗೆ ಸಿಗಲಿ ಅಂತ ಕೂತಿದ್ದ. ಚಿಪ್ಪು ಅವನಿಗೆ ಅವಳು ಬಂದದ್ದನ್ನು ಹೇಳುತ್ತಿತ್ತು ಅಷ್ಟೇ.

"ಅಣ್ಣಾ, ನಾನು" ಅಂದೆ.

ಅವನು ಎದ್ದು ನಿಂತ. ಹುಟ್ಟಿದಾಗಿನಿಂದ ನನ್ನ ಮೇಲೆ ದನಿ ಏರಿಸದವನು ಅವತ್ತು ಏರಿಸಿದ. ಪೂರಾ ಮುಚ್ಚಿದಾಗಲೇ ನೀನು ಅಂತ ತಿಳಿಯಬೇಕಿತ್ತು, ಯಾಕೆ ಬಂದೆ, ಇಳಿ ಅಂದ. ನಾನು ಬೆಳಕಿಂಡಿಯ ಅಂಚಿಗೆ ಸರಿದು, ನೆರಳು ಒಳಗೆ ಬೀಳದ ಹಾಗೆ ಕೂತು ಅತ್ತೆ. ಬಾಗಿಲು ತೆಗೆದು ಹೊರಗೆ ಬಾ, ಇಬ್ಬರೂ ಕೂಡಿ ಹೋಗೋಣ ಅಂತ ಬೇಡಿದೆ. ಬರುವುದಿಲ್ಲ ಅಂದ. ಯಂತ್ರ ನಡೆಸುವವನು, ಓದಿದವನು, ಇದನ್ನೆಲ್ಲ ನಂಬುತ್ತೀಯೇನು ಅಂತ ಕೇಳಿದೆ.

"ಇಲ್ಲ. ನೀ ಹಡಿಯೂ ತನಕ ನಂಬತೇನಿ" ಅಂದ.

ನನ್ನ ನೆರಳು ಸರಿದಿತ್ತು, ಕೆಳಗೆ ಬಿಸಿಲು ಮತ್ತೆ ಚಿಪ್ಪಿನ ಮೇಲೆ ಬಿದ್ದಿತ್ತು. ಅದು ಮೆಲ್ಲಗೆ ಬಾಯಿ ತೆರೆದು, ತುಟಿಯನ್ನು ಪೂರಾ ಹರಡಿತು. ಅವನೂ ನಾನೂ ಅದನ್ನೇ ನೋಡುತ್ತಿದ್ದೆವು, ಬೇರೆ ಎಲ್ಲಿ ನೋಡುವುದು? ನಾನು ಅಲುಗಾಡಲಿಲ್ಲ. ಅವನೂ ಅಲುಗಾಡಲಿಲ್ಲ. ಚಿಪ್ಪಿನ ತುಟಿಯ ಅಂಚು ಅರ್ಧ ಒಳಗೆ ಹೋಗಿ, ಮತ್ತೆ ಹರಡಿತು.

ಅಣ್ಣ ತಲೆ ಎತ್ತಿ ನನ್ನ ಪಕ್ಕಕ್ಕೆ ನೋಡಿದ. ನನ್ನನ್ನಲ್ಲ, ನನ್ನ ಪಕ್ಕಕ್ಕೆ.

"ಮಗ್ಗಲಾಗ ಯಾರ ಅದಾರ?"

ತಿರುಗಿ ನೋಡಿದೆ. ಓಣಿಯುದ್ದದ ಮಾಳಿಗೆ ಖಾಲಿ. ದೂರದ ಮನೆಯೊಂದರ ಮೇಲೆ ಯಾರೋ ಹರವಿದ ಮೆಣಸಿನಕಾಯಿ. ಒಂದು ಕಾಗೆಯೂ ಇರಲಿಲ್ಲ, ಆಕಾಶದಲ್ಲಿ ಮೋಡದ ಚೂರೂ ಇರಲಿಲ್ಲ. ನನ್ನ ಎಡಗಡೆ, ಕೈಯಳತೆಯಲ್ಲಿ, ಎಲೆಅಡಿಕೆಯ ವಾಸನೆ ಇತ್ತು ಅಂತ ಬರೆದರೆ ನೀವು ನಂಬುವುದು ಬೇಡ. ನಾನೇ ಎಷ್ಟೋ ದಿನ ನಂಬಿರಲಿಲ್ಲ.

ಅಣ್ಣ ಆಗ ಬಹಳ ಮೆತ್ತಗೆ ಮಾತಾಡಿದ. ಸಣ್ಣವಳಿದ್ದಾಗ ನನಗೆ ಜ್ವರ ಬಂದರೆ ಮಾತಾಡುತ್ತಿದ್ದ ಹಾಗೆ.

"ತಂಗೀ, ನೀ ಇಳದು ಮನಿಗೆ ಹೋಗು. ಅವ್ವಾ, ನೀ ಕೆಳಗ ಬಾ."

ನಾನು ಇಳಿದೆ. ಹ್ಯಾಗೆ ಇಳಿದೆ, ಯಾವ ಬಸ್ಸಿಗೆ ಬಂದೆ ನೆನಪಿಲ್ಲ. ಹಿಂದೆ ಒಮ್ಮೆಯೂ ತಿರುಗಿ ನೋಡಲಿಲ್ಲ.

ನನಗೆ ಹೆಣ್ಣು ಕೂಸಾಯಿತು, ರೋಣದ ದವಾಖಾನೆಯಲ್ಲಿ. ಅತ್ತಿತು, ಮೊಲೆಗೆ ಬಾಯಿ ಹಾಕಿತು, ಎಲ್ಲ ಸುಸೂತ್ರ. ಅಣ್ಣ ನೋಡಲು ಬಂದ. ಗಡ್ಡ ತೆಗೆಸಿದ್ದ, ಹೊಸ ಅಂಗಿ. ಆದರೆ ಒಳಗೆ ಕಾಲಿಡಲಿಲ್ಲ, ಕಿಟಕಿಯ ಆಚೆ ವರಾಂಡದಲ್ಲಿ ನಿಂತ. ಮನೆ ಬಿಟ್ಟ ಅವಧಿ ಮುಗಿಯಲು ಇನ್ನೂ ದಿನಗಳಿದ್ದವು, ತಾನು ಆ ಮನೆಯಿಂದ ಎದ್ದು ಬಂದವನು ಅನ್ನುವುದು ಅವನ ನೆಪ. ನಾನು ಕೂಸನ್ನು ಕಿಟಕಿಯ ಹತ್ತಿರ ಒಯ್ದೆ. ಸರಳಿನ ಸಂದಿಯಿಂದ ಕೈ ಚಾಚು, ಒಂದು ಬೆರಳು ಮುಟ್ಟು ಸಾಕು ಅಂದೆ. ಅವನು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಕೂಸಿನ ಮುಖ ನೋಡೇ ನೋಡಿದ. ಮೂಗು ಅವ್ವನದು ಅಂದ. ಮೂರು ತಿಂಗಳು ಮುಗಿಯಲಿ, ಎತ್ತಿಕೊಂಡು ಊರೆಲ್ಲ ತಿರುಗುತ್ತೇನೆ ಅಂದ. ಅಂಥ ಆಸೆಯ ಮಾತನ್ನು ಅವನು ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅದು ಮುಗಿಯುವ ಮೊದಲೇ ಹೋದ. ಕೆಲಸಕ್ಕೆ ಬರಲಿಲ್ಲ ಅಂತ ಗುಡ್ಡದ ಜೊತೆಗಾರರು ಹುಡುಕಿಕೊಂಡು ಬಂದು ಹಿತ್ತಲ ಬಾಗಿಲು ಮುರಿದರು. ಕಂಬಕ್ಕೆ ಒರಗಿ, ತೊಟ್ಟಿಯ ಕಡೆ ಮುಖ ಮಾಡಿ ಕೂತೇ ಇದ್ದನಂತೆ. ದವಾಖಾನೆಯವರು ಹೃದಯ ಅಂದರು. ಇರಬಹುದು. ನಮ್ಮಪ್ಪನೂ ಹಾಗೇ ಹೋದವನು. ಉಪವಾಸ ವನವಾಸ ಬಿದ್ದ ದೇಹ, ಹೃದಯವಾದರೂ ಎಷ್ಟು ದಿನ ತಡೆದೀತು? ಯಾವುದು ಖರೇ ಅಂತ ನನ್ನನ್ನು ಕೇಳಬೇಡಿ. ನನಗೆ ಗೊತ್ತಿರುವುದು ಇಷ್ಟೇ: ನನ್ನ ಕೂಸಿನ ಬದಲಿಗೆ ತಾನು ಅಲ್ಲಿ ಕೂತವನು ಅವನು. ಹೇಳದೆ ಕೇಳದೆ ಹಾಗೆ ಮಾಡಿದ್ದಕ್ಕೆ ಇವತ್ತಿಗೂ ನನಗೆ ಅವನ ಮೇಲೆ ಸಿಟ್ಟಿದೆ. ಸಿಟ್ಟು ಬಂದಾಗಲೆಲ್ಲ ಅಳು ಬರುತ್ತದೆ.

ಹಸಿ ಬಾಣಂತಿ ಅಂತ ಅವನ ಮಣ್ಣಿಗೆ ನನ್ನನ್ನು ಕರೆದೊಯ್ಯಲಿಲ್ಲ. ಮರುದಿನ ಹಟ ಹಿಡಿದು, ಗಂಡನ ಕೈಯಲ್ಲಿ ಕಾರು ಮಾಡಿಸಿ, ಕೂಸನ್ನು ಎತ್ತಿಕೊಂಡು ಗಜೇಂದ್ರಗಡಕ್ಕೆ ಬಂದೆ. ಪಕ್ಕದ ಮನೆಯ ಕಟ್ಟೆಯ ಮೇಲೆ ಕಾಕಾ ಕೂತಿದ್ದರು. ಅಣ್ಣ ಹೋದ ನಕ್ಷತ್ರ ಯಾವುದಿತ್ತೋ, ಇನ್ನೆಷ್ಟು ತಿಂಗಳು ಮನೆ ಬಿಡಬೇಕೋ, ಮನೆತನದಲ್ಲಿ ಈಗ ಎಳೇ ಕೂಸೊಂದಿದೆ, ಅಯ್ಯನವರನ್ನು ಕೇಳಿ ಬರಲು ಒಬ್ಬರನ್ನು ಎಬ್ಬಿಸುತ್ತಿದ್ದರು. ನಾನು ಕಾರಿನಿಂದ ಇಳಿದವಳೇ ಅವರ ಮುಂದೆ ಹೋಗಿ ನಿಂತೆ.

"ನಕ್ಷತ್ರ ಕೇಳಬ್ಯಾಡ್ರಿ ಕಾಕಾ. ನಮ್ಮಣ್ಣ ಯಾರನ್ನೂ ಕರ್ಕೊಂಡು ಹೋಗವ ಅಲ್ಲ."

ಹಿರಿಯರ ಎದುರು ನಾನು ಅಷ್ಟು ಗಟ್ಟಿ ಮಾತಾಡಿದ್ದು ಅವತ್ತೇ. ಕಾಕಾ ನನ್ನ ಮುಖ ನೋಡಿ, ಎಬ್ಬಿಸಿದವರನ್ನು ಮತ್ತೆ ಕೂರಿಸಿದರು. ಕೂಸನ್ನು ಗಂಡನ ಕೈಗೆ ಕೊಟ್ಟು, ಮುಂಬಾಗಿಲಿನ ಮುಳ್ಳುಕಂಟಿಯನ್ನು ನಾನೇ ಎಳೆದು ಬೀದಿಗೆ ಹಾಕಿದೆ. ಅಂಗೈ ಗೀರಿ ರಕ್ತ ಬಂತು. ಕೀಲಿ ತೆಗೆದೆ. ಕೂಸನ್ನು ಮತ್ತೆ ಎತ್ತಿಕೊಂಡು, ಗಂಡನನ್ನು ಹೊಸ್ತಿಲಲ್ಲೇ ನಿಲ್ಲಿಸಿ, ಒಬ್ಬಳೇ ಒಳಗೆ ಹೋದೆ.

ಬೆಳಕಿಂಡಿಯ ಬಿಸಿಲು ತೊಟ್ಟಿಯೊಳಗೆ ನೇರ ಬಿದ್ದಿತ್ತು. ನೀರು ನಾಲ್ಕು ಬೆರಳು ಇಳಿದಿತ್ತು. ಚಿಪ್ಪು ಬದುಕಿತ್ತು. ನಾನು ಅಣ್ಣ ಕೂತಿದ್ದ ಕಂಬದ ಬುಡದಲ್ಲಿ ಚಾಪೆ ಹಾಸಿಕೊಂಡು ಕೂತೆ. ಕೂಸಿನ ಕೈ ಬಟ್ಟೆಯಿಂದ ಹೊರಗೆ ತೆಗೆದೆ. ಆ ಮನೆಯಲ್ಲಿ ಯಾರಿದ್ದರೋ ಇರಲಿಲ್ಲವೋ, ನನಗೆ ಅಂಜಿಕೆ ಅನ್ನುವುದು ಒಂದಿಷ್ಟೂ ಇರಲಿಲ್ಲ.

"ಬಾ ಅಣ್ಣಾ" ಅಂದೆ. "ಈಗಾದ್ರೂ ಮುಟ್ಟು."

ಕೂಸಿನ ಕೈಯನ್ನು ಹಾಗೇ ಮುಂದೆ ಹಿಡಿದುಕೊಂಡು, ಅದು ನಿದ್ದೆ ಹೋಗುವವರೆಗೆ ಕೂತಿದ್ದೆ. ಆಮೇಲೆ ಅದನ್ನು ಅಲ್ಲೇ ಚಾಪೆಯ ಮೇಲೆ ಮಲಗಿಸಿ, ಎದ್ದು, ಆ ದಿನದ ನೀರು ತುಂಬಿದೆ.